ತೋಳಿಗೆ ಪಟ್ಟಿ ಸುತ್ತಿದಿರಿ ಸರಿ, ಗುಳಿಗೆ ಎಲ್ಲಿ?

ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದಿದ್ದು ಈರುಳ್ಳಿ ಕೀಳುವ ಹೊತ್ತಿನಲ್ಲಿ. ಬೆಳಿಗ್ಗೆ ಚೆನ್ನಾಗಿಯೇ ಹೊಲಕ್ಕೆ ಹೋದವರು. ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವಾಗ ರೊಟ್ಟಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಮೇಲೇಳಲಿಲ್ಲ, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. "ಗಾಳಿ ಸೋಕೈತೆ" ಅಂದರು ಒಬ್ಬರು. "ನಾಟಿ ಔಷಧಿ ಕೊಡಿಸ್ರಿ" ಅಂದರು ಇನ್ನೊಬ್ಬರು. ಹೀಗೆ ಮಾತಾಡುತ್ತಲೇ ಮಧ್ಯಾಹ್ನ ಕಳೆಯಿತು. ದುರ್ಗದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು.

ಡಾಕ್ಟರು ಮೊದಲು ಕೇಳಿದ್ದು, "ಬಿಪಿ ಗುಳಿಗೆ ತಗೋತಿದ್ರಾ?"

ದೊಡ್ಡಮ್ಮ ಹೇಳಿದರು, "ಮೂರು ತಿಂಗಳಿಂದ ಬಿಟ್ಟವ್ರೆ ಸಾರ್. ಹೋದಾಗೆಲ್ಲ ಖಾಲಿ ಅಂತಿದ್ರು. ಇವ್ರೂ ಚೆನ್ನಾಗೇ ಇದ್ರಲ್ಲ ಅಂತ ಸುಮ್ನಾದ್ವಿ."

ಈ ಒಂದು ಮಾತಿನಲ್ಲೇ ನಮ್ಮ ತುರುವನೂರು ಸೀಮೆಯ ಬಿಪಿ ಕತೆ ಪೂರ್ತಿ ಇದೆ. ಅರ್ಧ ತಪ್ಪು ಕೊಡುವವರದು, ಅರ್ಧ ನಮ್ಮದು. ಎರಡನ್ನೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಸುಳ್ಳನ್ನು ಹೊಡೆದುಹಾಕೋಣ. "ಬಿಪಿ ಅನ್ನೋದು ಪಟ್ಟಣದವರ ಕಾಯಿಲೆ, ಕುರ್ಚಿ ಮೇಲೆ ಕೂರೋರಿಗೆ ಬರೋದು, ಬಿಸಿಲಲ್ಲಿ ದುಡಿಯೋರಿಗೆ ಯಾವ ಬಿಪಿ?" ಕಟ್ಟೆ ಮೇಲೆ ಕೂತವರೆಲ್ಲ ಹೇಳುವ ಮಾತಿದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದ ಹಳ್ಳಿಗಳಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಶೇಕಡ 20ರಷ್ಟು, ಗಂಡಸರಲ್ಲಿ ಶೇಕಡ 23ರ ಹತ್ತಿರ ಜನಕ್ಕೆ ಬಿಪಿ ಇದೆ, ಇಲ್ಲವೇ ಅದಕ್ಕೆ ಗುಳಿಗೆ ನುಂಗುತ್ತಿದ್ದಾರೆ. ಪಟ್ಟಣದಲ್ಲಿ ಇದಕ್ಕಿಂತ ಮೂರು ನಾಲ್ಕು ಹೆಚ್ಚು, ಅಷ್ಟೆ. ಅಂದರೆ ಕಟ್ಟೆ ಮೇಲೆ ಕೂತ ಐದು ಜನರಲ್ಲಿ ಒಬ್ಬರಿಗೆ ಇದೆ. ಆ ಒಬ್ಬರಿಗೆ ಗೊತ್ತೇ ಇಲ್ಲದಿರಬಹುದು. ಬಿಪಿ ನೋಯಿಸುವುದಿಲ್ಲ, ಕೆಮ್ಮಿಸುವುದಿಲ್ಲ, ಜ್ವರ ತರುವುದಿಲ್ಲ. ಒಳಗೊಳಗೇ ಮಿದುಳು, ಹೃದಯ, ಮೂತ್ರಪಿಂಡ ತಿನ್ನುತ್ತದೆ. ಮೈ ಚೆನ್ನಾಗಿದೆ ಅನ್ನುವುದು ಬಿಪಿ ಇಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ.

ಸರ್ಕಾರಕ್ಕೆ ಇದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆ ಶುರುವಾಯಿತು, ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ಮನೆಮನೆಗೆ ಬಂದು 30 ವರ್ಷ ದಾಟಿದವರ ಬಿಪಿ, ಸಕ್ಕರೆ ನೋಡುತ್ತೇವೆ, ಗುಳಿಗೆ ಉಚಿತ ಅಂದರು. ಒಳ್ಳೆಯ ಯೋಜನೆ, ಬೇಡ ಅನ್ನುವವರು ಯಾರು?

ನನ್ನ ಜಗಳ ಲೆಕ್ಕದ ಬಗ್ಗೆ. ತೋಳಿಗೆ ಪಟ್ಟಿ ಸುತ್ತಿದ ತಕ್ಷಣ ಒಂದು ತಲೆ ಲೆಕ್ಕಕ್ಕೆ ಸೇರುತ್ತದೆ. ಇಷ್ಟು ಸಾವಿರ ಜನರ ತಪಾಸಣೆ ಆಯಿತು ಅಂತ ಪ್ರಕಟಣೆ ಬರುತ್ತದೆ. ನಾವು ವರದಿಗಾರರೂ ಅದನ್ನೇ ಬರೆದು ಕಳಿಸುತ್ತೇವೆ, ನಾನೂ ಕಳಿಸಿದ್ದೇನೆ. ಆ ಸಾವಿರ ಜನರಲ್ಲಿ ಆರು ತಿಂಗಳಾದ ಮೇಲೂ ಗುಳಿಗೆ ನುಂಗುತ್ತಿರುವವರು ಎಷ್ಟು? ಎಷ್ಟು ಜನರ ಬಿಪಿ 140/90ರ ಕೆಳಗೆ ಇಳಿದಿದೆ? ಪ್ರಕಟಣೆಯಲ್ಲಿ ಈ ಸಾಲು ನಾನು ಓದಿಲ್ಲ. ಕಾಯಿಲೆ ಇದೆ ಅಂತ ಹೇಳಿ ಔಷಧಿ ಕೈಗೆ ಮುಟ್ಟಿಸದಿದ್ದರೆ ನಮಗೆ ಉಳಿಯುವುದು ಭಯ ಒಂದೇ.

ಬಡವನ ಲೆಕ್ಕ ಬೇರೆ ಇದೆ, ಕೇಳಿ. ಮಾಮೂಲಿ ಬಿಪಿ ಗುಳಿಗೆ ಅಮ್ಲೋಡಿಪಿನ್ ಒಂದಕ್ಕೆ ಕೆಲವೇ ರೂಪಾಯಿ. ಅದನ್ನು ತರಲು ಬಸ್ಸು ಹತ್ತಿ ಹೋಗಿ, ಚೀಟಿ ಮಾಡಿಸಿ, ಸಾಲಲ್ಲಿ ನಿಂತು ಬರುವಷ್ಟರಲ್ಲಿ ಒಂದು ದಿನ ಹೋಯಿತು. ನರೇಗಾ ಕೂಲಿಯೇ 2025-26ಕ್ಕೆ ದಿನಕ್ಕೆ 370 ರೂಪಾಯಿ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ನಿಜ. ಖಾಸಗಿ ಬಸ್ಸು, ಆಟೊ ಬಿಟ್ಟರೆ ಬೇರೆ ಗತಿ ಇಲ್ಲದ ಊರಿನವರು ಏನು ಮಾಡಬೇಕು? ಅಷ್ಟೆಲ್ಲ ಕಷ್ಟಪಟ್ಟು ಹೋದ ಮೇಲೆ "ಸ್ಟಾಕ್ ಇಲ್ಲ, ಮುಂದಿನ ವಾರ ಬಾ" ಅಂದರೆ ಎಷ್ಟು ಸಲ ಹೋದಾರು? ಎರಡು ಸಲ. ಮೂರನೇ ಸಲ ಬಿಡುತ್ತಾರೆ. ದೊಡ್ಡಪ್ಪನೂ ಹಾಗೇ ಬಿಟ್ಟರು. ಆ ಉಪಕೇಂದ್ರದ ಹೆಸರು ಬರೆಯುವುದಿಲ್ಲ. ಅಲ್ಲಿದ್ದ ಹೆಣ್ಣುಮಗಳ ತಪ್ಪಲ್ಲ ಅದು. ಮೇಲಿಂದ ಬಂದರೆ ತಾನೇ ಅವರು ಕೊಡುವುದು?

ಪಡಿತರದ ಅಕ್ಕಿ ತಿಂಗಳು ತಿಂಗಳು ಊರಿಗೇ ಬರುತ್ತದೆ. ಬಾರಿಗೆ ಸರಕು ಒಂದು ದಿನವೂ ತಪ್ಪುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಗುಳಿಗೆ ಪಟ್ಟಿಗೆ ಮಾತ್ರ ನಮ್ಮೂರಿನ ದಾರಿ ಗೊತ್ತಿಲ್ಲವೇ?

ದಾರಿ ಇದೆ. ನಮ್ಮ ದೇಶದಲ್ಲೇ ಮಾಡಿ ತೋರಿಸಿದ್ದಾರೆ. 2017ರಲ್ಲಿ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಇಟ್ಟುಕೊಂಡ ನಿಯಮಗಳು ಸರಳ: ಎಲ್ಲ ಕಡೆ ಒಂದೇ ಬಗೆಯ ಚಿಕಿತ್ಸಾ ಕ್ರಮ, ಒಮ್ಮೆಗೆ ಕನಿಷ್ಠ 30 ದಿನದ ಗುಳಿಗೆ, ಮನೆ ಹತ್ತಿರದ ಕೇಂದ್ರದಲ್ಲೇ ಮತ್ತೆ ಗುಳಿಗೆ, ಬಾರದವರನ್ನು ಹುಡುಕಿ ಕರೆಯುವುದು, ಎಷ್ಟು ಜನರ ಬಿಪಿ ಹತೋಟಿಗೆ ಬಂತು ಎಂಬ ಲೆಕ್ಕ. ಈ ಕೆಲಸಕ್ಕೆ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ನಾವು ಕೇಳುತ್ತಿರುವುದು ಇಷ್ಟನ್ನೇ. ದೊಡ್ಡ ಆಸ್ಪತ್ರೆ ಕಟ್ಟಿ ಅಂತ ಕೇಳುತ್ತಿಲ್ಲ.

ಇನ್ನು ನಮ್ಮ ಪಾಲಿನ ತಪ್ಪು. "ಒಮ್ಮೆ ಶುರು ಮಾಡಿದರೆ ಸಾಯೋವರೆಗೂ ನುಂಗಬೇಕು, ಅದಕ್ಕೇ ಬೇಡ" ಅನ್ನುತ್ತೀರಿ. ದಿನಾ ಮುದ್ದೆ ನುಂಗುವುದಿಲ್ಲವೇ? ಬಿಪಿ ಇಳಿಯಿತು ಅಂತ ಗುಳಿಗೆ ಬಿಡುತ್ತೀರಿ. ಇಳಿದಿದ್ದು ಗುಳಿಗೆಯಿಂದ, ಬಿಟ್ಟರೆ ಮತ್ತೆ ಏರುತ್ತದೆ. ಬಿಡುವುದು, ಕಮ್ಮಿ ಮಾಡುವುದು ಡಾಕ್ಟರು ಹೇಳಬೇಕಾದ ಮಾತು.

ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಅಂದರೆ ಒಂದು ಸಣ್ಣ ಚಮಚ. ಸಾರಿನ ಉಪ್ಪು, ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮೆಣಸಿನಕಾಯಿ ಮಂಡಕ್ಕಿ, ಎಲ್ಲ ಸೇರಿ ಅಷ್ಟು. ಸೊಂಟನೋವು ಅಂತ ಅಂಗಡಿಯಿಂದ ತಂದು ದಿನಾ ನುಂಗುವ ನೋವಿನ ಮಾತ್ರೆಗಳಲ್ಲಿ ಹಲವು ಬಿಪಿ ಏರಿಸುತ್ತವೆ. ಕುಡಿತ ಏರಿಸುತ್ತದೆ. ಬೀಡಿ, ತಂಬಾಕು ಹೃದಯ, ರಕ್ತನಾಳ ಹಾಳು ಮಾಡುತ್ತವೆ. ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಗಾಳಿ ಸೋಕಿದ್ದಲ್ಲ, ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ನಾವು ಆ ಗಂಟೆಗಳನ್ನು ಬದುವಿನ ಮೇಲೆ ಕಳೆದೆವು.

1939ರಲ್ಲಿ ಇದೇ ತುರುವನೂರಿನಲ್ಲಿ ಈಚಲು ಮರ ಕಡಿದು ಸತ್ಯಾಗ್ರಹ ಮಾಡಿ ಜನ ಜೈಲಿಗೆ ಹೋದರು. ಅಂಥ ನೆಲದವರು ನಾವು. ಈಗ ಜೈಲಿಗೆ ಹೋಗಬೇಕಿಲ್ಲ, ಮುಂದಿನ ಗ್ರಾಮಸಭೆಗೆ ಹೋದರೆ ಸಾಕು. ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮೂರಲ್ಲಿ ಬಿಪಿ ಇರುವವರು ಎಷ್ಟು ಜನ? ಅವರಲ್ಲಿ ಈ ತಿಂಗಳು ಗುಳಿಗೆ ಸಿಕ್ಕಿದ್ದು ಎಷ್ಟು ಜನಕ್ಕೆ? ಬಿಪಿ ಹತೋಟಿಯಲ್ಲಿರುವುದು ಎಷ್ಟು ಜನರದು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ಮತ್ತೆ ಕೇಳಿ.

ದೊಡ್ಡಪ್ಪ ಈಗ ಎಡಗೈಯಲ್ಲಿ ಉಣ್ಣುತ್ತಾರೆ. ಗುಳಿಗೆ ತಪ್ಪಿಸುವುದಿಲ್ಲ. ತಿಂಗಳಿಗೊಮ್ಮೆ ನಾನೇ ದುರ್ಗದಿಂದ ತಂದುಕೊಡುತ್ತೇನೆ. ತಂದುಕೊಡುವವರು ಇಲ್ಲದ ಮನೆಗಳ ಬಗ್ಗೆ ಯೋಚಿಸಿ.