ನಿಂತ ಕಾರಿಗೆ ಬ್ಯಾಟರಿ ಗಾಡಿ ಗುದ್ದಿದರೆ ದಂಡ ಯಾರ ತಲೆಗೆ?

ಊರಿನ ಪೇಟೆ ಬೀದಿಗಳಲ್ಲಿ ಈಗ ಹೊಸ ಬಗೆಯ ಪಂಚಾಯ್ತಿ ಶುರುವಾಗಿದೆ. ಅಂಗಡಿ ಮುಂದೆ ಕಾರು ನಿಂತಿರುತ್ತದೆ. ಸದ್ದಿಲ್ಲದೆ ಬಂದ ಬ್ಯಾಟರಿ ಗಾಡಿಯೊಂದು ಧಡ್ ಅಂತ ಗುದ್ದುತ್ತದೆ. ಬಾಗಿಲು ನೆಗ್ಗಿತು, ಬಣ್ಣ ಕಿತ್ತುಹೋಯಿತು. ಕಾರಿನವ 'ದುಡ್ಡು ಬಿಚ್ಚು' ಅಂತಾನೆ. ಗಾಡಿಯವ 'ದಾರೀಲಿ ಯಾಕ್ರೀ ನಿಲ್ಸಿದ್ರಿ?' ಅಂತಾನೆ. ಬಸ್ಸಿಗೆ ಕಾದು ನಿಂತವರೆಲ್ಲ ನ್ಯಾಯಾಧೀಶರು! ಕೊನೆಗೆ ತೀರ್ಪು ಏನು? 'ಪಾಪ, ಸಣ್ಣ ಗಾಡಿ, ಬಿಟ್ಬಿಡಿ ಸಾರ್.'

ಇದು ಕರುಣೆ ಇರಬಹುದು, ನ್ಯಾಯವಲ್ಲ. ಗಾಡಿಯ ಗಾತ್ರ ನೋಡಿ ತಪ್ಪು ಹೊರಿಸುವ ಚಾಳಿ ಹಳೆಯದು. ಸರಿಯಾದ ಜಾಗದಲ್ಲಿ ನಿಂತ ಕಾರು ತಾನಾಗಿ ಹೋಗಿ ಯಾರಿಗೂ ಗುದ್ದುವುದಿಲ್ಲ. ನೋಡಿ ಓಡಿಸಬೇಕಾದವನು ಸವಾರ. ಹಾಗಂತ ಕಾರಿನವನಿಗೆ ಎಲ್ಲವೂ ಮಾಫಿಯಲ್ಲ. ತಿರುವಿನಲ್ಲಿ ಅಡ್ಡ ನಿಲ್ಲಿಸಿದ್ದರೆ, ಹಿಂದೆ ನೋಡದೆ ಬಾಗಿಲು ತೆರೆದಿದ್ದರೆ, ತಪ್ಪಿನಲ್ಲಿ ಅವನಿಗೂ ಪಾಲುಂಟು. ಅಪಾಯವಾಗುವಂತೆ ವಾಹನ ಬಿಟ್ಟುಹೋಗಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 122ನೇ ಕಲಮೇ ಹೇಳುತ್ತದೆ. ಇಬ್ಬರದೂ ತಪ್ಪಿದ್ದರೆ ಪರಿಹಾರವನ್ನೂ ಪಾಲು ಮಾಡುವುದು ಕೋರ್ಟಿನ ಪದ್ಧತಿ.

ತಪ್ಪು ಯಾರದೆಂದು ತೀರ್ಮಾನವಾದರೂ ದುಡ್ಡು ಎಲ್ಲಿಂದ? ಅಸಲು ತೊಡಕು ಇಲ್ಲಿದೆ. ಹಸಿರು ನಂಬರ್ ಪ್ಲೇಟಿನ ಗಾಡಿಗೆ ವಿಮೆ ಕಡ್ಡಾಯ. ಅದು ಗುದ್ದಿದರೆ ಅದರ ವಿಮಾ ಕಂಪನಿಯನ್ನು ಕೇಳಬಹುದು. ಆದರೆ 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಒಳಗಿನ ವೇಗದ, ಮಂಜೂರಾತಿ ಪಡೆದ ಗಾಡಿ ಮೋಟಾರು ವಾಹನದ ಲೆಕ್ಕಕ್ಕೇ ಬರುವುದಿಲ್ಲ. ನಂಬರ್ ಬೇಡ, ಲೈಸೆನ್ಸ್ ಬೇಡ, ವಿಮೆಯೂ ಬೇಡ. ನಷ್ಟ ಮಾತ್ರ ಬೇಡ ಅಂದರೆ ಆದೀತೆ? ಅದನ್ನು ಸವಾರ ತನ್ನ ಜೇಬಿನಿಂದಲೇ ತುಂಬಬೇಕು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. 25ರ ಗಾಡಿ ಅಂತ ಕೊಂಡು, ವೇಗದ ಕಟ್ಟು ಬಿಚ್ಚಿಸಿ 40-50ರಲ್ಲಿ ಓಡಿಸುವವರಿದ್ದಾರೆ. ಅಲ್ಲಿಗೆ ರಿಯಾಯಿತಿ ಮುಗೀತು. ಅದು ಈಗ ನೋಂದಣಿಯೂ ಇಲ್ಲದ, ವಿಮೆಯೂ ಇಲ್ಲದ ಮೋಟಾರು ವಾಹನ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲವೇ 2,000 ರೂ. ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಕಾರಿನವ ತನ್ನ ವಿಮೆಯಲ್ಲೇ ರಿಪೇರಿ ಮಾಡಿಸಿಕೊಳ್ಳಲಿ ಅನ್ನುವುದು ಸುಲಭ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಅವನ ಸ್ವಂತ ಕಾರಿಗೆ ಬಿಡಿಗಾಸೂ ಬರದು. ಪೂರ್ತಿ ವಿಮೆ ಇದ್ದರೂ ಮೊದಲ ಒಂದಿಷ್ಟು ಖರ್ಚು ಅವನದೇ. ಮೇಲೆ, ಕ್ಲೇಮು ಮಾಡದ ವರ್ಷಗಳಿಗೆ ಸಿಗುವ 20ರಿಂದ 50 ಶೇಕಡ ರಿಯಾಯಿತಿಗೂ ಕತ್ತರಿ.

ಆದ್ದರಿಂದ ಕೂಗಾಟ ಬಿಟ್ಟು ಮಾಡಬೇಕಾದ್ದು ಇಷ್ಟು: ಮೊದಲು ಯಾರಿಗಾದರೂ ಪೆಟ್ಟಾಯಿತೇ ನೋಡಿ. ಗಾಡಿ ಸರಿಸುವ ಮುಂಚೆ ಫೋಟೋ ತೆಗೆಯಿರಿ. ಎರಡು ಗ್ಯಾರೇಜಿನಲ್ಲಿ ಖರ್ಚಿನ ಅಂದಾಜು ಬರೆಸಿ. ಒಪ್ಪಿದ ಮೊತ್ತವನ್ನು ಕಾಗದದಲ್ಲಿ ಹಾಕಿ ಇಬ್ಬರೂ ಸಹಿ ಮಾಡಿ. ರಾಜಿಯಾಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ಗೆ ಹೋಗಬಹುದು. ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ ಬೆಲೆಯುಂಟು, ಅದರ ಮೇಲೆ ಅಪೀಲಿಲ್ಲ.

ಇನ್ನು ಊರಿನ ಪಾಲೂ ಇದೆ. ಅಂಗಡಿಯ ಮೂಟೆ ಫುಟ್‌ಪಾತಿಗೆ, ಕಾರು ರಸ್ತೆಗೆ, ಗಾಡಿ ಕಾರಿಗೆ. ಹೀಗೇ ನಡೆದರೆ ಜಗಳ ನಿಲ್ಲುವುದೆಂತು? ವರ್ತಕರು ಮೂಟೆ ಒಳಗಿಡಲಿ. ಪುರಸಭೆ ನಿಲುಗಡೆಗೆ ಬಿಳಿ ಗೆರೆ ಎಳೆಯಲಿ. ಬ್ಯಾಟರಿ ಗಾಡಿ ಮಾರುವವರು 'ಲೈಸೆನ್ಸ್ ಬೇಡ, ವಿಮೆ ಬೇಡ' ಅಂತ ಬೋರ್ಡು ಹಾಕುವಾಗ, 'ಗುದ್ದಿದರೆ ನಿಮ್ಮದೇ ಜೇಬು' ಅಂತ ಇನ್ನೊಂದು ಸಾಲು ಸೇರಿಸಲಿ. ಸಂಬಂಧಪಟ್ಟವರು ಕಣ್ಣು ತೆರೆಯುವರೇ?