ಕಲ್ಪನೆಯ ಕಥೆಗಳೂ ಪರೋಪಕಾರದ ಪುಸ್ತಕಗಳೂ

ಈ ಸ್ಮರಣಸಂಚಿಕೆಯ ನಿಮಿತ್ತದಿಂದ ತಮ್ಮೆಲ್ಲರ ಮುಂದೆ ಒಂದು ವಿಚಾರವನ್ನು ಇಡಬೇಕೆಂದು ನಾವು ಬಯಸುತ್ತೇವೆ. ಅದು ಕಟ್ಟಡದ ವಿಷಯವಲ್ಲ, ಪರೀಕ್ಷೆಯ ಫಲಿತಾಂಶದ ವಿಷಯವೂ ಅಲ್ಲ; ಕಥೆಗಳ ವಿಷಯವು.

ನಮ್ಮ ಮೇಲಿನ ತರಗತಿಗಳ ಹುಡುಗಿಯರು ಇತ್ತೀಚೆಗೆ ನಿಬಂಧದ ವಹಿಗಳ ಹಿಂಬದಿಯ ಪುಟಗಳಲ್ಲಿ ವಿಚಿತ್ರವಾದ ಕಥೆಗಳನ್ನು ಬರೆಯಹತ್ತಿದ್ದಾರೆ. ಆಕಾಶದಲ್ಲಿ ತೇಲುವ ಹಡಗು, ಹಿತ್ತಾಳೆಯ ಚಕ್ರಗಳಿಂದ ನಡೆಯುವ ಆನೆ, ಸತ್ತ ರಾಣಿಯ ಮಾತುಗಳನ್ನು ಕೂಡಿಟ್ಟುಕೊಂಡ ಗಡಿಯಾರ ಮುಂತಾದುವು ಅವುಗಳಲ್ಲಿ ಬರುತ್ತವೆ. ಇಂತಹ ಅದ್ಭುತ ಕಥೆಗಳನ್ನು ಇಂಗ್ಲಿಷ್ ಬಲ್ಲವರು ಫ್ಯಾಂಟಸಿ ಎನ್ನುವರು. ಉಗಿಯಂತ್ರಗಳ ಕಾಲವೇ ಮುಂದುವರಿದು ಬೆಳೆದಿದ್ದರೆ ಲೋಕವು ಹೇಗಿರುತ್ತಿದ್ದಿತೆಂದು ಊಹಿಸುವ ಅದರ ಒಂದು ಶಾಖೆಗೆ 1987ರಲ್ಲಿ ಸ್ಟೀಮ್‌ಪಂಕ್ ಎಂಬ ಹೆಸರು ಬಂದಿತು.

ಕೆಲವು ಪಾಲಕರು ಈ ವಹಿಗಳನ್ನು ಕಂಡು, "ಇದರಿಂದ ಎಷ್ಟು ಮಾರ್ಕು ಬರುವವು, ಅಕ್ಕೋರೆ?" ಎಂದು ಕೇಳುತ್ತಾರೆ. ಪರಸ್ಥಳಗಳಲ್ಲಿರುವ ಹಳೆಯ ವಿದ್ಯಾರ್ಥಿನಿಯರಾದರೋ ಬೇರೊಂದು ಪ್ರಶ್ನೆಯನ್ನು ಬರೆದು ಕಳಿಸುತ್ತಾರೆ. ಅನ್ಯ ದೇಶಗಳಲ್ಲಿ ಇಂತಹ ಲೇಖಕರು ಹತ್ತಾರು ಜನ ಕೂಡಿ ಕಥಾಸಂಗ್ರಹಗಳನ್ನು ಹೊರಡಿಸಿ, ಬಂದ ಹಣವನ್ನು ಆಸ್ಪತ್ರೆಗೋ ಅನಾಥರಿಗೋ ಕೊಡುತ್ತಿರುವರು. ನಮ್ಮ ಶಾಲೆಯೂ ಹಾಗೆ ಏಕೆ ಮಾಡಬಾರದು? ಈ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡುವದು ನಮ್ಮ ಕರ್ತವ್ಯವು. ಅಂತಹ ಪುಸ್ತಕವು ಆಗಲೇಬೇಕೆಂಬದು ನಮ್ಮ ಅಭಿಪ್ರಾಯವು. ಆದರೆ ಯಾರ ಹಿತಕ್ಕಾಗಿ ಆ ಪುಸ್ತಕವು ಹೊರಡುವದೋ ಅವರಿಗೂ ಅದರ ಲೇಖಕಿಯರ ಪಂಕ್ತಿಯಲ್ಲಿ ಸ್ಥಳವಿರತಕ್ಕದ್ದು. ಅದಿಲ್ಲದಿದ್ದರೆ ಪುಸ್ತಕವು ಹೊರಡದಿರುವದೇ ಲೇಸು.

ಮೊದಲು ಮಾರ್ಕಿನ ಪ್ರಶ್ನೆ. ಕಲ್ಪನೆಯ ಕಥೆಗಳು ಪರದೇಶದಿಂದ ಬಂದ ಹೊಸ ಚಾಳಿಯೆಂದು ತಿಳಿಯುವದು ಸರಿಯಲ್ಲ. ಶಾಲಾ ಇನ್‌ಸ್ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಇಂತಹ ಕಥೆಗಳನ್ನು ಬರೆದುದಲ್ಲದೆ, ಗೆಳೆಯರೊಡಗೂಡಿ 1921ರಲ್ಲಿ ಮಂಗಳೂರಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದರು. ಕುವೆಂಪು ಅವರ ಕಿಂದರಿಜೋಗಿಯನ್ನು ತಿಳಿಯದ ಕನ್ನಡದ ಮಗುವಿಲ್ಲ. ನಮ್ಮ ಜಿಲ್ಲೆಯವರೇ ಆದ, 1937ರಲ್ಲಿ ಘೋಡಗೇರಿಯಲ್ಲಿ ಜನಿಸಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಓದಿದ ಡಾ. ಚಂದ್ರಶೇಖರ ಕಂಬಾರರು ಶಿವಾಪುರವೆಂಬ ಊರನ್ನು ಯಕ್ಷಿಯರೂ ಚಂದ್ರನೂ ಮಾಯೆಯೂ ಸುಳಿದಾಡುವ ಒಂದು ಲೋಕವನ್ನಾಗಿ ಬೆಳೆಯಿಸಿದರು. ಅವರಿಗೆ 2010ನೆಯ ಸಾಲಿನ ಜ್ಞಾನಪೀಠವು ಸಂದಿತು. ಮಾರ್ಕಿನಿಂದ ಅಳೆಯಲಾಗದ ವಿದ್ಯೆಯೂ ಉಂಟೆಂಬದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವು ಬೇಕಿಲ್ಲ.

ಯಂತ್ರಗಳ ವಿಷಯದಲ್ಲಿಯೂ ನಮ್ಮ ಸೀಮೆಯು ಬಡತನದ್ದಲ್ಲ. ಗೋಕಾಕದ ಜಲಪಾತದ ಬಳಿಯಲ್ಲಿ 1887ರಲ್ಲಿಯೇ ಘಟಪ್ರಭೆಯ ರಭಸದಿಂದ ನೂಲಿನ ಗಿರಣಿಯನ್ನು ನಡೆಯಿಸಿದರು. ಕಣಿವೆಯ ತಳದಲ್ಲಿ ಹುಟ್ಟಿದ ಶಕ್ತಿಯನ್ನು ಹಗ್ಗಗಳ ಮೂಲಕ ಮೇಲಿನ ಯಂತ್ರಗಳಿಗೆ ಒಯ್ದರು. ಅದೇ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯವರು ಹಾಕಿದ ಹಳಿಗಳ ಮೇಲೆ, ಲೋಂಡಾ ಖಾನಾಪುರಗಳ ಕಾಡನ್ನು ಸೀಳಿಕೊಂಡು ಉಗಿಬಂಡಿಯು ಬೆಳಗಾವಿಗೆ ಬಂದಿತು. ಖಾನಾಪುರದ ಕೆಂಪು ಮಣ್ಣು, ಕುಂಬಾರರ ತಿಗರಿ, ಹೆಂಚಿನ ಕಾರಖಾನೆಗಳ ಹೊಗೆಗೂಡು ಇವೆಲ್ಲವೂ ನಮ್ಮ ಹುಡುಗಿಯರು ಕಿಡಕಿಯಿಂದ ಕಾಣುವ ನೋಟಗಳೇ. ಹಿತ್ತಾಳೆಯ ಆನೆಯನ್ನು ಊಹಿಸಲು ಅವರು ಲಂಡನ್ನಿನ ಹೊಗೆಯನ್ನು ಕಡ ತರಬೇಕಾಗಿಲ್ಲ.

ಇನ್ನು ಎರಡನೆಯ ಪ್ರಶ್ನೆಗೆ ಬರುವೆವು. ಕಲ್ಪನೆಯೂ ಪರಹಿತವೂ ಒಂದೇ ಜೀವನದಲ್ಲಿ ಹೇಗೆ ಕೂಡಿ ಬಾಳಬಲ್ಲವೆಂಬದನ್ನು ತೋರಿಸಲು ಬಂಗಾಲದ ಒಬ್ಬ ಮಹಿಳೆಯನ್ನು ಇಲ್ಲಿ ನೆನೆಯಬೇಕಾಗಿರುವದು. ಆಕೆಯೇ ರೊಕೆಯಾ ಸಖಾವತ್ ಹುಸೇನರು. 1880ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿದ ರಂಗಪುರ ಸೀಮೆಯಲ್ಲಿ, ಕಟ್ಟುನಿಟ್ಟಾದ ಗೋಷೆಯ ಮನೆತನದಲ್ಲಿ ಅವರು ಹುಟ್ಟಿದರು. ಮನೆಯವರೆಲ್ಲರೂ ಮಲಗಿದ ಮೇಲೆ ಅಣ್ಣನು ದೀಪದ ಬೆಳಕಿನಲ್ಲಿ ಅವರಿಗೆ ಇಂಗ್ಲಿಷನ್ನು ಕಲಿಸಿದನೆಂದು ಹೇಳುವರು. ಹಾಗೆ ಕಲಿತ ಇಂಗ್ಲಿಷಿನಲ್ಲಿ ಅವರು ಬರೆದ 'ಸುಲ್ತಾನಾಳ ಕನಸು' ಎಂಬ ಕಥೆಯು 1905ರಲ್ಲಿ ಮದ್ರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಝಿನ್' ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪತ್ರಿಕೆಯ ಸಂಪಾದಕಿಯಾದ ಕಮಲಾ ಸತ್ಯನಾಥನ್ ಅವರು ಭಾರತೀಯ ಕ್ರೈಸ್ತ ಮಹಿಳೆಯು. ಒಬ್ಬ ಮುಸಲ್ಮಾನ ಸೋದರಿಯ ಕನಸನ್ನು ಒಬ್ಬ ಕ್ರೈಸ್ತ ಸೋದರಿಯು ಅಚ್ಚು ಹಾಕಿಸಿದಳೆಂಬದು ನಮ್ಮಂತಹ ಶಾಲೆಯವರಿಗೆ ಸಂತೋಷದ ಸಂಗತಿಯು.

ಆ ಕನಸಿನ ನಾಡಿನಲ್ಲಿ ಪುರುಷರು ಒಳಮನೆಯಲ್ಲಿರುವರು, ಸ್ತ್ರೀಯರು ರಾಜ್ಯವಾಳುವರು. ಸ್ತ್ರೀಯರ ಒಂದು ವಿದ್ಯಾಪೀಠವು ಬಲೂನಿಗೆ ಕೊಳವೆಗಳನ್ನು ಜೋಡಿಸಿ ಮೋಡದಿಂದಲೇ ನೀರನ್ನು ಇಳಿಸಿಕೊಳ್ಳುವದು. ಇನ್ನೊಂದು ಸೂರ್ಯನ ಶಾಖವನ್ನು ಕೂಡಿಹಾಕುವದು. ಅಡಿಗೆಯ ಮನೆಯಲ್ಲಿ ಹೊಗೆಯಿಲ್ಲ; ಪ್ರಯಾಣಕ್ಕೆ ಆಕಾಶದ ಬಂಡಿಯುಂಟು. ಶತ್ರುಗಳು ಏರಿ ಬಂದಾಗ ವಿದ್ಯಾಪೀಠದ ಮುಖ್ಯಸ್ಥೆಯು ತನ್ನ 2,000 ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋಗಿ, ಕೂಡಿಟ್ಟ ಬಿಸಿಲನ್ನು ಅವರತ್ತ ತಿರುಗಿಸಿ ಓಡಿಸುವಳು. ಈ ಭಾಗವನ್ನು ಓದುವ ಮುಖ್ಯಾಧ್ಯಾಪಿಕೆಯರಿಗೆ ತುಸು ಹೆಮ್ಮೆಯೆನಿಸಿದರೆ ವಾಚಕರು ಕ್ಷಮಿಸಬೇಕು. ಸ್ಟೀಮ್‌ಪಂಕ್ ಎಂಬ ಶಬ್ದವು ಹುಟ್ಟುವದಕ್ಕೆ 82 ವರುಷ ಮೊದಲೇ ನಮ್ಮ ದೇಶದ ಹೆಣ್ಣುಮಗಳೊಬ್ಬಳು ಇದನ್ನು ಬರೆದಿದ್ದಳು.

ಅವರು ಕನಸು ಕಂಡು ಸುಮ್ಮನೆ ಕೂಡಲಿಲ್ಲ. 1909ರಲ್ಲಿ ಪತಿಯು ತೀರಿಕೊಂಡ ಕೆಲವೇ ತಿಂಗಳುಗಳಲ್ಲಿ ಭಾಗಲಪುರದಲ್ಲಿ ಐದು ಜನ ಹುಡುಗಿಯರಿಂದ ಒಂದು ಶಾಲೆಯನ್ನು ಆರಂಭಿಸಿದರು. 1911ರಲ್ಲಿ ಅದನ್ನು ಕಲಕತ್ತೆಯಲ್ಲಿ ಎಂಟು ಜನರಿಂದ ಪುನಃ ತೆರೆದರು. ಪತಿಯು ಅದಕ್ಕಾಗಿ ಇಟ್ಟು ಹೋದ 10,000 ರೂಪಾಯಿಯೇ ಮೂಲಧನವು. ಮನೆಮನೆಗೆ ಹೋಗಿ ಹುಡುಗಿಯರನ್ನು ಕಳಿಸಿರೆಂದು ತಂದೆತಾಯಿಗಳನ್ನು ಬೇಡಿಕೊಂಡರು. ಕಥೆಯಲ್ಲಿ ಆಕಾಶದ ಬಂಡಿಯನ್ನು ಹಾರಿಸಿದ ಆ ಲೇಖಕಿಗೆ ನಿಜವಾದ ಶಾಲೆಯ ಮೋಟಾರು ಬಂಡಿಯೇ ದೊಡ್ಡ ಚಿಂತೆಯಾಯಿತು. ಗೋಷೆಗಾಗಿ ಎಲ್ಲ ಕಡೆಯಿಂದ ಮುಚ್ಚಿದರೆ ಹುಡುಗಿಯರು ಗಾಳಿಯಿಲ್ಲದೆ ಮೂರ್ಛೆ ಹೋಗುತ್ತಿದ್ದರು. ಮುಚ್ಚಿಗೆಯನ್ನು ತೆಗೆದು ಪರದೆ ಕಟ್ಟಿಸಿದರೆ, ಅದು ಗಾಳಿಗೆ ಹಾರುವದೆಂದು ಬೆದರಿಕೆಯ ಪತ್ರಗಳು ಬರುತ್ತಿದ್ದವು. ಇದನ್ನು ಅವರೇ 1931ರ 'ಅವರೋಧವಾಸಿನಿ' ಎಂಬ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಆದರೂ ಅವರ ಜೀವಿತಕಾಲದಲ್ಲಿಯೇ ಆ ಶಾಲೆಯು ಹೈಸ್ಕೂಲಾಯಿತು. 1932ರಲ್ಲಿ ಅವರು ತೀರಿಕೊಂಡರು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸತಕ್ಕದ್ದು. ಗೋಷೆಯೊಳಗಿನ ಸ್ತ್ರೀಯರನ್ನು ಕುರಿತು ಹೊರಗಿನವರು ಮರುಕದ ಪುಸ್ತಕಗಳನ್ನು ಎಷ್ಟೋ ಬರೆದಿದ್ದರು. ರೊಕೆಯಾ ಅವರ ಕಥೆಯು ಒಳಗಿನಿಂದಲೇ ಬಂದಿತು. ಅದರಲ್ಲಿ ಕಣ್ಣೀರಿಗಿಂತ ನಗೆಯೇ ಹೆಚ್ಚು. ನೂರು ವರುಷಗಳ ಮೇಲೆಯೂ ಅದನ್ನು ಜನರು ಓದುವದು ದಯೆಯಿಂದಲ್ಲ, ಸಂತೋಷದಿಂದ.

ಪರೋಪಕಾರಕ್ಕಾಗಿ ಪುಸ್ತಕ ಮಾರುವ ರೂಢಿಯೂ ಹಳೆಯದೇ. ಇಂಗ್ಲಂಡಿನ ಕವಯಿತ್ರಿ ಅಡಿಲೇಡ್ ಪ್ರಾಕ್ಟರಳು 1862ರಲ್ಲಿ ಒಂದು ಕವನಸಂಗ್ರಹವನ್ನು ಲಂಡನ್ನಿನ ಮನೆಯಿಲ್ಲದ ಸ್ತ್ರೀಯರ ರಾತ್ರಿ ವಸತಿಗೃಹಕ್ಕಾಗಿ ಹೊರಡಿಸಿದಳು. 1929ರಲ್ಲಿ ಜೇಮ್ಸ್ ಬ್ಯಾರಿಯವರು 'ಪೀಟರ್ ಪ್ಯಾನ್' ಕಥೆಯ ಹಕ್ಕುಗಳನ್ನೇ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಗೆ ದಾನ ಮಾಡಿದರು. 'ಹ್ಯಾರಿ ಪಾಟರ್' ಕಥೆಗಳ ಲೇಖಕಿಯಾದ ರೌಲಿಂಗ್ ಅವರು 2001ರಲ್ಲಿ ಎರಡು ಚಿಕ್ಕ ಪುಸ್ತಕಗಳನ್ನು ಕಾಮಿಕ್ ರಿಲೀಫ್ ಎಂಬ ಧರ್ಮಸಂಸ್ಥೆಗಾಗಿ ಬರೆದುಕೊಟ್ಟರು. ಇವುಗಳಲ್ಲಿ ಯಾವದನ್ನೂ ನಾವು ಕಡಿಮೆಯೆನ್ನುವದಿಲ್ಲ. ಆದರೆ ನಮಗೆ ಹೆಚ್ಚು ಮೆಚ್ಚುಗೆಯಾಗಿರುವದು ಅದೇ ಪ್ರಾಕ್ಟರಳು 1861ರಲ್ಲಿ ಸಂಪಾದಿಸಿದ 'ವಿಕ್ಟೋರಿಯಾ ರೀಜಿಯಾ' ಎಂಬ ಸಂಗ್ರಹವು. ಸ್ತ್ರೀಯರಿಗೆ ಗೌರವದ ಉದ್ಯೋಗ ದೊರೆಯಲೆಂದು ಹೊರಟ ಆ ಪುಸ್ತಕದ ಅಚ್ಚುಮೊಳೆಗಳನ್ನು ಎಮಿಲಿ ಫೇತ್‌ಫುಲ್ಲಳ ಮುದ್ರಣಾಲಯದಲ್ಲಿ ಸ್ತ್ರೀಯರೇ ಜೋಡಿಸಿದರು. ಪುಸ್ತಕವನ್ನು ಕೊಂಡವನು ಭಿಕ್ಷೆ ನೀಡಲಿಲ್ಲ. ಅವರ ಕೈಕೆಲಸಕ್ಕೆ ಬೆಲೆ ಕೊಟ್ಟನು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಅಲ್ಲಿಯವರೆಗೆ ರೈಲೂ ಉಂಟು, ಬಸ್ಸೂ ಉಂಟು. 2023ರ ಜೂನ್ ತಿಂಗಳಲ್ಲಿ ರಾಜ್ಯ ಸರಕಾರವು ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವನ್ನು ಒದಗಿಸಿದ ಮೇಲೆ ಬಡ ಪಾಲಕರ ಭಾರವು ಬಹಳ ಇಳಿದಿದೆ. ಆದರೆ ಬಸ್ಸೇ ಹೋಗದ ಹಾದಿಯಲ್ಲಿ ಉಚಿತ ಟಿಕೇಟು ಏನು ಮಾಡೀತು? ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆಗೂ, ಜಾಂಬೋಟಿ, ಹೆಮ್ಮಡಗಾಗಳ ಆಚೆಗೂ ಕಾಡಿನ ಒಳಗೆ ಚಿಕ್ಕ ಚಿಕ್ಕ ಊರುಗಳಿವೆ. ಆಷಾಢ ಶ್ರಾವಣಗಳ ಮಳೆಯಲ್ಲಿ ಹಳ್ಳಗಳು ತುಂಬಿ ಹರಿದರೆ ಅವುಗಳ ದಾರಿ ಮುಚ್ಚುವದು. ಅಂತಹ ಊರಿನ ಹುಡುಗಿಯು ಜೂನಿನಲ್ಲಿ ಹೆಸರು ಹಚ್ಚಿಸಿ, ಜುಲೈಯಲ್ಲಿ ತಪ್ಪಿಸಿಕೊಂಡು, ದಸರೆಯ ಹೊತ್ತಿಗೆ ಓದಿನಲ್ಲಿ ಹಿಂದೆ ಬಿದ್ದು, ಕಡೆಗೆ ಮನೆಯಲ್ಲಿಯೇ ಉಳಿಯುವಳು. ಬುದ್ಧಿಯ ಕೊರತೆಯಿಂದಲ್ಲ, ಒಂದು ಕಾಲುಸೇತುವೆಯ ಕೊರತೆಯಿಂದ! ಮಳೆಗಾಲದ ನಾಲ್ಕು ತಿಂಗಳು ಊರಲ್ಲಿ ನಿಂತು ಓದಲು ಅವಳಿಗೆ ಊಟ ವಸತಿಗಳ ಅನುಕೂಲವಾದರೆ ಇಡೀ ವರ್ಷವು ಉಳಿಯುವದು.

ಆದುದರಿಂದ ನಮ್ಮ ಸೂಚನೆಯು ಇಷ್ಟೇ. ನಮ್ಮ ಹುಡುಗಿಯರ ಕಲ್ಪನೆಯ ಕಥೆಗಳ ಒಂದು ಪುಸ್ತಕವು ಹೊರಡಲಿ. ಅದರ ಉತ್ಪನ್ನವು ಇಂತಹ ಹುಡುಗಿಯರ ಮಳೆಗಾಲದ ವಸತಿಗೆ ಸಲ್ಲಲಿ. ಆದರೆ ಮೂರು ನಿಯಮಗಳು ಇರಬೇಕು.

ಒಂದನೆಯದು, ಕಥೆಯು ಕಥೆಯಾಗಿ ಚೆನ್ನಾಗಿರಬೇಕು. ಒಳ್ಳೆಯ ಉದ್ದೇಶವಿದೆಯೆಂದು ಬೇಸರದ ಕಥೆಯನ್ನು ವಾಚಕರ ತಲೆಗೆ ಕಟ್ಟುವದು ನ್ಯಾಯವಲ್ಲ. ಕುಂಬಾರನು ಧರ್ಮಕ್ಕೆ ಕೊಡುವ ಗಡಿಗೆಯಲ್ಲಿಯೂ ನೀರು ಸೋರಬಾರದಷ್ಟೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಶಿಕ್ಷಕಿಯರೂ ಲೇಖಕಿಯರೂ ಇದ್ದಾರೆ. ಅವರು ಕಥೆಗಳನ್ನು ನಿಷ್ಠುರವಾಗಿ ಆರಿಸಿ, ಹುಡುಗಿಯರಿಂದ ಎರಡು ಮೂರು ಸಲ ತಿದ್ದಿಸಿ ಬರೆಯಿಸಲಿ.

ಎರಡನೆಯದು, ಲೆಕ್ಕವು ಬಹಿರಂಗವಾಗಿರಬೇಕು. ಎಷ್ಟು ಪ್ರತಿ ಅಚ್ಚಾದವು, ಎಷ್ಟು ಮಾರಿದವು, ಕಾಗದಕ್ಕೂ ಮುದ್ರಣಕ್ಕೂ ಏನು ಖರ್ಚಾಯಿತು, ಉಳಿದದ್ದು ಎಲ್ಲಿ ಹೋಯಿತು ಎಂಬದನ್ನು ಮರುವರ್ಷದ ಸಂಚಿಕೆಯಲ್ಲಿ ಪೈಸೆ ಬಿಡದೆ ಮುದ್ರಿಸಬೇಕು. ಮೊತ್ತವು ಚಿಕ್ಕದಾದರೆ ಚಿಂತೆಯಿಲ್ಲ.

ಮೂರನೆಯದೂ ಮುಖ್ಯವಾದದ್ದೂ ಇದು. ಸಹಾಯ ಪಡೆಯುವ ಹುಡುಗಿಯ ಭಾವಚಿತ್ರವನ್ನಾಗಲಿ, ಅವಳ ಮನೆಯ ಬಡತನದ ವರ್ಣನೆಯನ್ನಾಗಲಿ ನಾವು ಅಚ್ಚು ಹಾಕಬಾರದು. ಅದರ ಬದಲು ಅವಳಿಂದ ಒಂದು ಕಥೆಯನ್ನು ಬರೆಯಿಸಿಕೊಳ್ಳಬೇಕು. ಅವಳು ಮನೆಯಲ್ಲಿ ಮರಾಠಿಯನ್ನೋ ಕೊಂಕಣಿಯನ್ನೋ ಆಡುವವಳಾಗಿದ್ದರೆ ಆ ಮಾತಿನಲ್ಲಿಯೇ ಹೇಳಲಿ. ಅವಳ ತರಗತಿಯ ಗೆಳತಿಯರು ಅವಳ ಹತ್ತಿರ ಕೂತು ಕನ್ನಡದಲ್ಲಿ ಬರೆದುಕೊಳ್ಳಲಿ. ಜಿಗಳೆಗಳೂ ಕರಡಿಗಳೂ ತುಂಬಿದ ಕಾಡಿನಲ್ಲಿ ನಡೆದು ಬಂದವಳ ಕಲ್ಪನೆಯು ಪಟ್ಟಣದವರ ಕಲ್ಪನೆಗಿಂತ ಬಡವಾಗಿರುವ ಸಂಭವವಿಲ್ಲ. ತುಂಬಿದ ಹಳ್ಳವನ್ನು ದಾಟಿಸುವ ಯಂತ್ರವನ್ನು ಅವಳಿಗಿಂತ ಚೆನ್ನಾಗಿ ಯಾರು ಊಹಿಸಬಲ್ಲರು? ಆ ಪುಸ್ತಕದ ಬೆಲೆಯಲ್ಲಿ ಅವಳ ಪಾಲೂ ಇರುವದರಿಂದ, ವಸತಿಯ ಹಣವನ್ನು ಅವಳು ತಲೆ ತಗ್ಗಿಸದೆ ತೆಗೆದುಕೊಳ್ಳುವಳು.

ಓದಿಗೆ ಅಡ್ಡಿಯಾಗುವದೆಂದು ಅಂಜುವ ಪಾಲಕರಿಗೆ ಒಂದು ಮಾತು. ಹತ್ತನೆಯ ತರಗತಿಯ ಹುಡುಗಿಯರನ್ನು ನಾವು ಪರೀಕ್ಷೆಯ ತಿಂಗಳುಗಳಲ್ಲಿ ಇದಕ್ಕೆ ಎಳೆಯುವದಿಲ್ಲ. ಮಿಕ್ಕವರಿಗೆ ವಾರಕ್ಕೆ ಒಂದು ಗಂಟೆ ಸಾಕು. ಆ ಗಂಟೆಯಲ್ಲಿ ಅವರು ಶುದ್ಧವಾದ ವಾಕ್ಯವನ್ನು ಬರೆಯುವದನ್ನೂ, ಬರೆದದ್ದನ್ನು ಹೊಡೆದುಹಾಕುವದನ್ನೂ, ಮತ್ತೊಬ್ಬಳ ಕಥೆಯನ್ನು ಮತ್ಸರವಿಲ್ಲದೆ ಕೇಳುವದನ್ನೂ ಕಲಿಯುವರು. ಮೂರೂ ವಿದ್ಯೆಗಳು ಮುಂದಿನ ಬಾಳಿನಲ್ಲಿ ಬೇಕಾಗುವಂಥವು.

ಹಳೆಯ ವಿದ್ಯಾರ್ಥಿನಿಯರಿಂದ ನಾವು ಈಗ ಹಣವನ್ನು ಬೇಡುವದಿಲ್ಲ. ಕಥೆಗಳನ್ನು ಆರಿಸಲು, ತಿದ್ದಲು, ಚಿತ್ರ ಬರೆಯಲು ಯಾರಿಗೆ ಸಾಧ್ಯವೋ ಅವರು ಶಾಲೆಗೆ ಪತ್ರ ಬರೆಯಬೇಕು. ಖಾನಾಪುರ ತಾಲೂಕಿನ ಶಾಲೆಗಳಲ್ಲಿ ಕೆಲಸ ಮಾಡುತ್ತಿರುವವರು, ಮಳೆಗಾಲದಲ್ಲಿ ಯಾವ ಯಾವ ಊರಿನ ಹುಡುಗಿಯರ ಹಾಜರಿ ತಪ್ಪುವದೆಂಬದನ್ನು ನಮಗೆ ತಿಳಿಸಬೇಕು. ಪಾಲಕರು ಮಗಳ ವಹಿಯ ಹಿಂಬದಿಯನ್ನು ಹರಿದು ಹಾಕುವ ಮೊದಲು ಒಂದು ಸಲ ಓದಬೇಕು. ಪುಸ್ತಕವು ಸಿದ್ಧವಾದ ದಿನ ತಾವೆಲ್ಲರೂ ಬೆಲೆ ಕೊಟ್ಟು ಕೊಳ್ಳುವಿರೆಂದು ನಂಬಿದ್ದೇವೆ. ಕೊಂಡ ಮೇಲೆ ದಯವಿಟ್ಟು ಓದಿರಿ.