ಭಾನುವಾರದ ದಂಡಯಾತ್ರೆ

ಜುಲೈ ತಿಂಗಳ ಎರಡನೆಯ ಭಾನುವಾರ ಬಂತೆಂದರೆ ನಮ್ಮ ಮೈಸೂರಿನಲ್ಲಿ ಹೊಸ ಬಗೆಯದೊಂದು ಜಾತ್ರೆ. ಅಂದು ಜಾವಾ ದಿನ. ಮೂವತ್ತರಿಂದ ಅರವತ್ತು ವರ್ಷ ಪ್ರಾಯದ ಜಾವಾ, ಎಜ್ಡಿ ಮೋಟಾರು ಸೈಕಲ್ಲುಗಳು ಮದುವಣಿಗರಂತೆ ಸಿಂಗರಿಸಿಕೊಂಡು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ಒಡೆಯರು ಪಟ ತೆಗೆಸಿಕೊಂಡು, ತಿಂಡಿ ಮುಗಿಸಿ, ಹಳ್ಳಿಯ ದಾರಿ ಹಿಡಿಯುತ್ತಾರೆ. ವರ್ಷಕ್ಕೊಂದು ದಿನವಾಗಿದ್ದರೆ ಜಾತ್ರೆಯೆಂದು ಸುಮ್ಮನಿರಬಹುದಿತ್ತು. ಆದರೆ ಈಗ ಬುಲೆಟ್ಟಿನವರೂ, ಹೆಸರು ಹೇಳಲು ನಾಲಗೆ ಹೊರಳದ ವಿದೇಶೀ ಗಾಡಿಗಳವರೂ ಸಂಘ ಕಟ್ಟಿಕೊಂಡಿದ್ದಾರೆ. ಬಿಡುವಾದ ಭಾನುವಾರವೆಲ್ಲ ಬನ್ನೂರಿನ ಕಡೆಗೋ ತಲಕಾಡಿನ ಕಡೆಗೋ ದಂಡು ಹೊರಡುತ್ತದೆ. ಇದನ್ನು ಅವರು ‘ರೈಡು’ ಎನ್ನುತ್ತಾರೆ. ನನಗೆ ದಂಡಯಾತ್ರೆ ಎಂಬ ಹಳೆಯ ಮಾತೇ ಒಪ್ಪುತ್ತದೆ.

ಮೇಷ್ಟ್ರಿಗೆ ಹೊಟ್ಟೆಕಿಚ್ಚು ಎನ್ನಬೇಡಿ. ನಮ್ಮ ತಂದೆಯವರ ಎಜ್ಡಿ ಇನ್ನೂ ನನ್ನ ಮನೆಯ ಮುಂದೆಯೇ ಇದೆ. ವಾರದಲ್ಲಿ ಎರಡು ದಿನ ನಾನು ಕಾಲೇಜಿಗೆ ಹೋಗುವುದು ಅದರ ಮೇಲೆಯೇ. ಕಿಕ್ಕರೂ ಗೇರೂ ಒಂದೇ ಆಗಿರುವ ಆ ಯಂತ್ರದ ಮರ್ಜಿ ನನಗೆ ಚೆನ್ನಾಗಿ ಗೊತ್ತು. ಅದರ ಮೇಲಿನ ಪ್ರೀತಿಯಿಂದಲೇ ಈ ಜಗಳ.

ಇದು ನಮ್ಮ ಊರಿನ ಯಂತ್ರ. ಜೆಕೊಸ್ಲೊವಾಕಿಯದಲ್ಲಿ ಯಾನೆಚೆಕ್ ಎಂಬಾತ 1929ರಲ್ಲಿ ತನ್ನ ಹೆಸರಿನ ತುಣುಕನ್ನು ಜರ್ಮನಿಯ ವಾಂಡರರ್ ಎಂಬ ಕಂಪನಿಯ ಹೆಸರಿನ ತುಣುಕಿಗೆ ಕೂಡಿಸಿ ಜಾವಾ ಎಂದ. ವಾಂಡರರ್ ಎಂದರೆ ಅಲೆಮಾರಿ. ಆ ಅಲೆಮಾರಿ ಬಂದು ನೆಲೆ ನಿಂತದ್ದು ನಮ್ಮ ಯಾದವಗಿರಿಯಲ್ಲಿ, 1961ರಲ್ಲಿ. 1973ರಲ್ಲಿ ಎಜ್ಡಿ ಎಂದು ಹೆಸರು ಬದಲಾಯಿಸಿಕೊಂಡಿತು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಪೇಟೆಗೆ ಬಂದಾಗ ಗಾಡಿ ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ; ಮೈಸೂರಿಗೆ ಉಳಿದದ್ದು ನೆನಪು ಮಾತ್ರ.

ಆ ಗಾಡಿಯನ್ನು ಅಂದು ಹಳ್ಳಿಯ ದಾರಿಯಲ್ಲಿ ಓಡಿಸಿದವರು ಯಾರು? ದನದ ಡಾಕ್ಟರು, ಗ್ರಾಮಸೇವಕ, ಡೈರಿಗೆ ಹಾಲು ಹಾಕುವವನು, ರೇಷ್ಮೆಗೂಡಿನ ಮೂಟೆಯನ್ನು ಹಿಂದೆ ಬಿಗಿದುಕೊಂಡು ಮಾರುಕಟ್ಟೆಗೆ ಹೊರಟವನು. ಒಬ್ಬೊಬ್ಬರೇ ಹೋಗುತ್ತಿದ್ದರು. ದೂರದ ತಿರುವಿನಲ್ಲಿ ಸದ್ದು ಕೇಳಿದರೆ ಸಾಕು, ಯಾರ ಗಾಡಿಯೆಂದು ಊರಿಗೆ ತಿಳಿಯುತ್ತಿತ್ತು. ಈಯಲಾರದ ಹಸುವಿನ ಪಕ್ಕ ರಾತ್ರಿಯೆಲ್ಲ ಕೂತವನಿಗೆ ಆ ಸದ್ದು ದೇವರು ಬಂದ ಹಾಗೆ. ಈಗಿನ ನಲವತ್ತು ಗಾಡಿಗಳ ಸದ್ದಿನಲ್ಲಿ ಊರಿಗೆ ಗುರುತು ಸಿಗುವ ಸದ್ದು ಒಂದಾದರೂ ಇದೆಯೆ?

ಸದ್ದಿನ ವಿಚಾರವನ್ನು ಇನ್ನೂ ಸ್ವಲ್ಪ ಹೇಳಬೇಕು. ಸೈಲೆನ್ಸರಿನ ಒಳಗೆ ಸದ್ದನ್ನು ಅಡಗಿಸಲು ತೂತು ತೂತಿನ ಒಂದು ಕೊಳವೆಯಿರುತ್ತದೆ. ನಮ್ಮ ಶೂರರು ಮೊದಲು ಮಾಡುವ ಕೆಲಸ ಅದನ್ನು ಕಿತ್ತು ಹಾಕುವುದು. ಗಾಡಿಗೆ ಕಸುವು ಹೆಚ್ಚುತ್ತದಂತೆ! ಈ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಗೆಯ ಜೊತೆಗೆ ಸುಡದ ಪೆಟ್ರೋಲೂ ಒಂದಿಷ್ಟು ಹೊರಕ್ಕೆ ನುಗ್ಗುತ್ತದೆ. ಸೈಲೆನ್ಸರಿನಿಂದ ಹಿಂದಕ್ಕೆ ಬರುವ ಒತ್ತಡ ಅದನ್ನು ಮತ್ತೆ ಒಳಕ್ಕೆ ತಳ್ಳುತ್ತದೆ. ಆ ಲೆಕ್ಕವನ್ನು ಕೆಡಿಸಿದರೆ ಪೆಟ್ರೋಲು ಪೋಲು, ಎಳೆತವೂ ಕಡಮೆ. ಗಾಡಿಗೆ ಸೈಲೆನ್ಸರು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು ಹೇಳುತ್ತದೆ. ಕಾನೂನೂ ಯಂತ್ರಶಾಸ್ತ್ರವೂ ಹೀಗೆ ಒಂದೇ ಮಾತನ್ನು ಹೇಳುವುದು ಅಪರೂಪ, ಆದರೂ ಕೇಳುವವರಿಲ್ಲ. ಬನ್ನೂರಿನ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಹೇಳಿದ: ಇಂಥ ದಂಡೊಂದು ಹಾದುಹೋದಾಗ ಕಬ್ಬಿನ ಗಾಡಿಯ ಎತ್ತು ಬೆದರಿ ನಾಲೆಯ ಏರಿಗೆ ನುಗ್ಗಿತಂತೆ. ದಂಡಿನಲ್ಲಿ ಒಬ್ಬರೂ ಹಿಂತಿರುಗಿ ನೋಡಲಿಲ್ಲವಂತೆ.

ಹಿಂತಿರುಗಿ ನೋಡುವಂತೆಯೂ ಇಲ್ಲ! ಸಂಘದವರು ತಮ್ಮ ಶಿಸ್ತನ್ನು ಬಹಳ ಕೊಂಡಾಡಿಕೊಳ್ಳುತ್ತಾರೆ. ಮುಂದೊಬ್ಬ ಮುಖಂಡ, ಹಿಂದೊಬ್ಬ ಕಾವಲಿನವನು, ಎಲ್ಲರ ತಲೆಗೂ ಹೆಲ್ಮೆಟ್ಟು. ಕುಡಿದು ಕಾರು ನುಗ್ಗಿಸುವವರಿಗಿಂತ ಇವರು ಎಷ್ಟೋ ವಾಸಿ, ಒಪ್ಪಿದೆ. ಆದರೆ ಈ ಶಿಸ್ತು ಕಾಪಾಡುವುದು ದಂಡನ್ನು, ದಾರಿಯನ್ನಲ್ಲ. ಗೊತ್ತುಮಾಡಿದ ಜಾಗ ಬರುವ ತನಕ ಯಾರೂ ನಿಲ್ಲಕೂಡದು, ಮುಂದಿನವನ ಹಿಂಬದಿಯ ದೀಪದಿಂದ ಕಣ್ಣು ತೆಗೆಯಕೂಡದು. ಹಾಗಾದರೆ ಹಳ್ಳಿಗಾಡನ್ನು ನೋಡಿ ಬಂದೆವು ಎನ್ನುವ ಮಾತಿಗೆ ಅರ್ಥವೇನು? ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂದು ಗಾದೆ. ಇವರು ಊರಿಗೆ ಬರುತ್ತಾರೆ, ನೀರಿಗೆ ಬರುವುದಿಲ್ಲ. ನೀರೂ ಬಾಟಲಿಯಲ್ಲಿ ಮೈಸೂರಿನಿಂದಲೇ ಬರುತ್ತದೆ. ಸೋಮನಾಥಪುರದ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಪಟ ತೆಗೆಸಿಕೊಂಡು, ಗುಡಿಯ ಒಳಕ್ಕೆ ಹೋಗದೆ ಹೊರಟವರನ್ನು ನಾನೇ ಕಂಡಿದ್ದೇನೆ.

ಇನ್ನು ಹುರುಳಿಯ ದೂರು. ಸಂಕ್ರಾಂತಿಯ ಸುಮಾರಿಗೆ ನಂಜನಗೂಡು, ಗುಂಡ್ಲುಪೇಟೆಯ ಕಡೆ ರೈತರು ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಓಡಾಡುವ ಗಾಲಿಗಳೇ ಒಕ್ಕಣೆ ಮಾಡಿಕೊಡುತ್ತವೆ. ಇದು ತಪ್ಪು, ದ್ವಿಚಕ್ರದವರಿಗೆ ಜಾರುವ ಅಪಾಯ. ನಾನೂ ಕಂಬಳಿಯ ಮೇಲೆ ಓಡಿಸಿದಂತೆ ಓಡಿಸಿದ್ದೇನೆ. ಆದರೆ ಒಕ್ಕುವ ಕಣಗಳೇನಾದವು, ಆಳಿಗೆ ಎಷ್ಟು ಕೂಲಿ ಎಂದು ಗಾಡಿಯಿಂದಿಳಿದು ಕೇಳದವರಿಗೆ ‘ಈ ಜನಕ್ಕೆ ಬುದ್ಧಿಯಿಲ್ಲ’ ಎನ್ನುವ ಅಧಿಕಾರ ಎಲ್ಲಿಂದ ಬಂತು? ವರ್ಷವೆಲ್ಲ ಆ ರಸ್ತೆ ಅವರ ಅಂಗಳ. ಇವರಿಗೆ ಒಂದು ಭಾನುವಾರದ ಅಖಾಡ.

ಕಾಡಿನ ವಿಚಾರದಲ್ಲಿ ಸರ್ಕಾರ ಎಚ್ಚೆತ್ತಿದೆ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಾಮಾನ್ಯ ವಾಹನ ಸಂಚಾರ 2009ರಿಂದ ನಿಷಿದ್ಧ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ಗಾಡಿ ಹತ್ತಿಸುವಂತಿಲ್ಲ, ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹೋಗಬೇಕು. ಆನೆಯ ನೆಮ್ಮದಿಗೆ ಇಷ್ಟು ಏರ್ಪಾಡು. ಎತ್ತಿನ ನೆಮ್ಮದಿಯನ್ನು ಕೇಳುವವರು ಯಾರು? ಹಳ್ಳಿಗೂ ನಿಷೇಧ ತನ್ನಿ ಎಂದು ನಾನು ಹೇಳುತ್ತಿಲ್ಲ. ರಸ್ತೆ ಎಲ್ಲರದು.

ನಾನು ಬೇಡುವುದು ಇಷ್ಟೇ. ನಲವತ್ತು ಗಾಡಿ ಒಟ್ಟಿಗೆ ಬೇಡ. ಎರಡೆರಡಾಗಿ, ಹತ್ತು ನಿಮಿಷದ ಅಂತರದಲ್ಲಿ ಹೊರಡಿ. ದಾರಿ ತಪ್ಪಿದರೆ ಊರವರನ್ನು ಕೇಳಿ. ಆಲೆಮನೆ ಕಂಡರೆ ನಿಲ್ಲಿ. ದುಡ್ಡು ಕೊಟ್ಟು ಬೆಲ್ಲ ಕೊಳ್ಳಿ. ಕಿತ್ತ ಕೊಳವೆಯನ್ನು ಮರಳಿ ಹಾಕಿಸಿ. ಯಾದವಗಿರಿಯ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಇನ್ನೂ ಈ ಊರಿನಲ್ಲಿದ್ದಾರೆ. ಜಾವಾ ದಿನದಂದು ಅವರಲ್ಲೊಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ, ಕೈಯಾರೆ ಮಾಡಿದ ಗಾಡಿ ಹೇಗೆ ಓಡುತ್ತಿದೆಯೆಂದು ಅವರೇ ಹೇಳಲಿ.

ಇದನ್ನೆಲ್ಲ ಸಂಘವೊಂದರಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. ವಿನಯವಂತ ಹುಡುಗ, ಕೊನೆಯ ತನಕ ಕೈಕಟ್ಟಿ ಕೇಳಿದ. ಆಮೇಲೆ ಕೇಳಿದ: “ಎರಡೆರಡು ಗಾಡಿ ಹೋದರೆ, ಸಾರ್, ಪಟದಲ್ಲಿ ಏನು ಕಾಣುತ್ತೆ?”